ಅಮ್ಮ ರುಚಿ ನೋಡುತ್ತಿದ್ದ ಬಾವಿ

ದೀಪಾವಳಿಯ ಮುನ್ನಾದಿನ ಸಂಜೆ ಡೊಂಬಿವಲಿಯ ನಮ್ಮ ಕಟ್ಟಡದವರೆಲ್ಲ ಕಿಟಕಿಗೆ ಆಕಾಶಬುಟ್ಟಿ ಕಟ್ಟುವ ಗಡಿಬಿಡಿಯಲ್ಲಿದ್ದರೆ, ನಮ್ಮ ಅಮ್ಮ ಬಚ್ಚಲಿನ ಗೀಸರಿಗೆ ಬಳ್ಳಿ ಕಟ್ಟುತ್ತಿದ್ದಳು. ಉಡುಪಿ ಕಡೆಯ ನಮಗೆ ಹಬ್ಬ ಶುರುವಾಗುವುದೇ ನೀರು ತುಂಬುವುದರಿಂದ. ಊರಿನಲ್ಲಾದರೆ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಅದರ ಕುತ್ತಿಗೆಗೆ ಸೌತೆಯ ಬಳ್ಳಿ ಸುತ್ತಿ, ಮೈಮೇಲೆ ಬಿಳಿ ಪಟ್ಟೆ ಎಳೆದು, ಜಾಗಟೆ ಬಾರಿಸುತ್ತ ಬಾವಿಯಿಂದ ಹೊಸ ನೀರು ಸೇದಿ ತಂದು ತುಂಬುತ್ತಾರೆ. ಮರುದಿನ ನಸುಕಿನಲ್ಲಿ ಆ ನೀರಿನಿಂದ ಎಣ್ಣೆಸ್ನಾನ. ಇಲ್ಲಿ ಮೊದಮೊದಲು ಮರಾಠಿಗರ ಮನೆಗಳಲ್ಲಿರುತ್ತಿದ್ದಂಥ ನೀರು ಕಾಯಿಸುವ ತಾಮ್ರದ ಬಂಬ ಇತ್ತು. ಅದು ತೂತು ಬಿದ್ದ ಮೇಲೆ ಗೀಸರು ಬಂತು. ಗೀಸರಿಗೆ ನೀರು ತಾನಾಗಿ ನಲ್ಲಿಯಿಂದ ಬರುತ್ತದೆ, ಯಾರೂ ತುಂಬಬೇಕಾಗಿಲ್ಲ. ಅದಕ್ಕೆ ಅಮ್ಮ ಗೀಸರಿಗೆ ಬಳ್ಳಿ ಸುತ್ತಿ ಅಲಂಕಾರ ಮಾಡಿ, ಕೆಳಗೆ ಒಂದು ಹಿತ್ತಾಳೆಯ ಹಂಡೆ ಇಟ್ಟು ನೀರನ್ನು ಅದಕ್ಕೆ ತುಂಬುತ್ತಿದ್ದಳು. ಗೀಸರಿಗೆ ಈ ವರ್ಷವೂ ಮದುವೆಯಾಯಿತು ಎಂದು ಅಪ್ಪ ಚುಡಾಯಿಸುತ್ತಿದ್ದರು.

ಸೌತೆಯ ಬಳ್ಳಿ ಡೊಂಬಿವಲಿಯ ಮಾರ್ಕೆಟ್ಟಿನಲ್ಲಿ ಸಿಕ್ಕುವುದಿಲ್ಲ. ಹಿತ್ತಲಿನ ಕಾಂಪೌಂಡ್ ಗೋಡೆಯ ಆಚೆ, ಖಾಡಿಯ ಕಡೆಗೆ, ಹೆಸರು ಗೊತ್ತಿಲ್ಲದ ಒಂದು ಬಳ್ಳಿ ಹಬ್ಬಿಕೊಂಡಿತ್ತು. ಅಮ್ಮ ಅದನ್ನೇ ಕಿತ್ತು ತರುತ್ತಿದ್ದಳು. ಖಾಡಿ ಎಂದರೆ ಸಮುದ್ರದ ನೀರು ಒಳನಾಡಿಗೆ ತಲೆ ಹಾಕುವ ಕೊಲ್ಲಿ. ನಮ್ಮ ಕಟ್ಟಡಕ್ಕೂ ಅದಕ್ಕೂ ನಡುವೆ ಇರುವುದು ಒಂದಿಷ್ಟು ಕೆಸರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಮತ್ತು ಊರಿನವರೆಲ್ಲ ತಂದು ಸುರಿದ ಕಟ್ಟಡದ ಮಣ್ಣು. ಈ ಖಾಡಿಯನ್ನು ನೆನಪಿಟ್ಟುಕೊಳ್ಳಬೇಕು. ನಾವು ಮರೆತದ್ದು ಅದನ್ನೇ.

ಬಾವಿ ಇದ್ದದ್ದು ಕಟ್ಟಡದ ಹಿಂಭಾಗದಲ್ಲಿ. ಕಟ್ಟಡ ಬರುವ ಮೊದಲು ಅಲ್ಲಿ ಯಾರದೋ ವಾಡಿ, ಅಂದರೆ ತೋಟ, ಇತ್ತಂತೆ, ಚಿಕ್ಕು ಮರಗಳಿದ್ದವಂತೆ. ಮರ ಹೋದವು, ಬಾವಿ ಉಳಿಯಿತು. ಕಪ್ಪು ಕಲ್ಲಿನ ದುಂಡನೆಯ ಬಾವಿ, ಒಳಗೆ ಕಲ್ಲಿನ ಸಂದಿಯಲ್ಲಿ ಜರಿಗಿಡ. ಅಪ್ಪ ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಮನೆ ನೋಡಲು ಬಂದ ದಿನ ಅವರು ಕೋಣೆ ಅಳೆಯಲಿಲ್ಲ, ನೀರಿನ ಹೊತ್ತು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡಿ ಬಂದು, ಇದೇ ಮನೆ ಎಂದರಂತೆ. ಅಮ್ಮ ಈ ಕಥೆಯನ್ನು ಅಪ್ಪನ ಬುದ್ಧಿಗೇಡಿತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದಳು. ಆದರೆ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಊರಿನ ಬಾವಿಕಟ್ಟೆಯಲ್ಲೇ ನಿಂತ ಹಾಗೆ ಇರುತ್ತಿತ್ತು.

ಆ ನೀರಿನ ರುಚಿ ನನಗೆ ಇನ್ನೂ ನೆನಪಿದೆ. ಶಾಲೆಯಿಂದ ಬಂದವಳು ಚೀಲ ಬಿಸಾಡಿ ಮಣ್ಣಿನ ಮಡಕೆಗೆ ಲೋಟ ಅದ್ದುತ್ತಿದ್ದೆ. ಅಮ್ಮ ಬಾವಿಯ ನೀರನ್ನು ಕುದಿಸಿ ಆರಿಸಿ ಆ ಮಡಕೆಗೆ ಹಾಕಿಡುತ್ತಿದ್ದಳು. ಸಿಹಿ ಎಂದರೆ ಸಕ್ಕರೆಯ ಸಿಹಿಯಲ್ಲ. ಕುಡಿದು ಮುಗಿಸಿದ ಮೇಲೆ ಗಂಟಲಲ್ಲಿ ಸ್ವಲ್ಪ ಹೊತ್ತು ಉಳಿಯುವಂಥದ್ದು. ಮುನ್ಸಿಪಾಲಿಟಿಯ ನೀರಿಗೆ ಔಷಧದ ವಾಸನೆ, ಟ್ಯಾಂಕರಿನ ನೀರಿಗೆ ಕಬ್ಬಿಣದ ವಾಸನೆ. ಈಗ ಸಾನಪಾಡಾದಲ್ಲಿರುವ ನನ್ನ ಮಗಳ ಮನೆಯ ಫಿಲ್ಟರಿನ ನೀರಿಗೆ ಯಾವ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಒದ್ದೆಯಾಗಿದೆ ಅಷ್ಟೇ. ಎಲ್ಲಿ ಹೋದರೂ ಮೊದಲ ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುವ ಚಾಳಿ ನನಗೆ ಅಂಟಿದ್ದು ಆ ಮಡಕೆಯಿಂದ. ಮಗಳು ಇದಕ್ಕೆ ಹಿಂದಿಯಲ್ಲಿ ನಗುತ್ತಾಳೆ.

ಬಾವಿಕಟ್ಟೆಯಲ್ಲಿ ಅಮ್ಮನಿಗೆ ಜೊತೆಯಾಗುತ್ತಿದ್ದವರು ನೆಲಮಹಡಿಯ ಬಿಜಾಪುರದ ಅಕ್ಕ. ಆ ಊರಿಗೆ ಹೆಸರು ಬದಲಾದ ಮೇಲೂ ನಮಗೆ ಅವರು ಬಿಜಾಪುರದ ಅಕ್ಕನೇ. ಅವರ ಗಂಡ ಕಲ್ಯಾಣದ ರೈಲ್ವೆಯಲ್ಲಿದ್ದರು. ಅಮ್ಮನ ಮನೆಮಾತು ತುಳು, ಅಕ್ಕನದು ಬಿಜಾಪುರದ ಕನ್ನಡ. ಅಮ್ಮ ಅವರ ಜೊತೆ ಪುಸ್ತಕದ ಕನ್ನಡದ ಹತ್ತಿರದ ಒಂದು ಕನ್ನಡ ಆಡುತ್ತಿದ್ದಳು. ಬಾವಿಯ ವಿಷಯ ಬಂದಾಗಲೆಲ್ಲ, ಮನೆಯೊಳಗೂ, ಅಮ್ಮನ ಬಾಯಿಗೆ ಕನ್ನಡವೇ ಬರುತ್ತಿದ್ದದ್ದು ಈ ಅಕ್ಕನಿಂದಾಗಿ. ನೀರಿನ ವಿಷಯದಲ್ಲಿ ಇಬ್ಬರ ರೀತಿಯೂ ಬೇರೆ. ಅಮ್ಮ ಕೈಕಾಲು ತೊಳೆಯಲು ಒಂದು ಕೊಡಪಾನ ಸುರಿದುಕೊಂಡರೆ ಅಕ್ಕ ಒಂದು ತಂಬಿಗೆಯಲ್ಲಿ ಮುಗಿಸುತ್ತಿದ್ದರು. ಅಮ್ಮ ಕೊಡಪಾನ ಮೇಲೆ ಬರುವಾಗ ನೀರು ಚೆಲ್ಲಿದರೆ ನೋಡುವುದೇ ಇಲ್ಲ. ಅಕ್ಕ ಚೆಲ್ಲಿದ ನೀರು ಹರಿದುಹೋಗುವವರೆಗೂ ನೋಡುತ್ತ ನಿಲ್ಲುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದ ಒಂದು ಬೇಸಿಗೆಯಲ್ಲಿ ಮುನ್ಸಿಪಾಲಿಟಿಯ ನೀರು ಬರುವುದು ಬಹಳ ಕಡಿಮೆಯಾಯಿತು. ಆಗ ಕಟ್ಟಡದ ಸೆಕ್ರೆಟರಿ ನಮ್ಮ ಅಪ್ಪನೇ. ಬಾವಿಯ ಕೆಸರು ತೆಗೆಸಬೇಕು ಎಂದು ಅವರ ತಲೆಗೆ ಹೊಕ್ಕಿತು. ಇದು ನಮ್ಮ ಊರಿನ ರೂಢಿ. ಮಳೆ ಶುರುವಾಗುವ ಮೊದಲು, ನೀರು ತೀರಾ ತಳಕ್ಕೆ ಇಳಿದಾಗ, ಉಳಿದದ್ದನ್ನೂ ಬಳಿದು ತೆಗೆದು, ಆಳುಗಳನ್ನು ಇಳಿಸಿ, ಕೆಸರೆತ್ತಿ, ತಳವನ್ನು ಸ್ವಲ್ಪ ಕೆದಕಿ ಒರತೆಯ ಕಣ್ಣು ಬಿಡಿಸುತ್ತಾರೆ. ಆಮೇಲೆ ಊಟ, ಪಾಯಸ. ಕೆಸರು ತೆಗೆಯದ ಬಾವಿ ನಮ್ಮವರ ಲೆಕ್ಕದಲ್ಲಿ ಮುಖ ತೊಳೆಯದ ಮನುಷ್ಯನ ಹಾಗೆ. ಅಪ್ಪ ಹತ್ತಿರದ ಸೈಟಿನಲ್ಲಿ ಕೆಲಸ ಮಾಡುತ್ತಿದ್ದ ರಾಯಚೂರಿನ ಕೆಲವರನ್ನು ಕರೆತಂದರು, ಡೀಸೆಲ್ ಪಂಪು ಬಾಡಿಗೆಗೆ ತಂದರು. ಕಟ್ಟಡದ ಮರಾಠಿ, ಗುಜರಾತಿ ಸಂಸಾರಗಳೆಲ್ಲ ಗ್ಯಾಲರಿಯಲ್ಲಿ ನಿಂತು ನೋಡುತ್ತಿದ್ದವು. ಅಪ್ಪ ಪಂಚೆ ಎತ್ತಿಕಟ್ಟಿ ಬಾವಿಕಟ್ಟೆಯ ಮೇಲೆ ನಿಂತು, ಹೋಟೆಲಿನಲ್ಲಿ ಆರ್ಡರು ಕೂಗುವ ಗಂಟಲಿನಲ್ಲಿ ಕೆಲಸ ಹೇಳುತ್ತಿದ್ದರು.

ನೀರು ತಳಕ್ಕೆ ಬಂದಾಗ ಬಿಜಾಪುರದ ಅಕ್ಕ ಸೆರಗು ತಲೆಗೆ ಎಳೆದುಕೊಂಡು ಹತ್ತಿರ ಬಂದರು.

"ಅಣ್ಣಾರ, ಪೂರಾ ಖಾಲಿ ಮಾಡಬ್ಯಾಡ್ರಿ. ಬಾವೀಗೂ ಒಂದೀಟ ನೀರ ಬಿಡಬೇಕ್ರಿ."

ಅಪ್ಪ ನಕ್ಕರು. ನಿಮ್ಮ ಕಡೆಯ ಬಾವಿ ಬೇರೆ ಅಕ್ಕ, ಅಲ್ಲಿ ಹೋದ ನೀರು ತಿರುಗಿ ಬರುವುದು ಕಷ್ಟ, ನಮ್ಮದು ಹಾಗಲ್ಲ, ಬಳಿದಷ್ಟೂ ಬರುತ್ತದೆ ಎಂದು ಸಮಾಧಾನ ಮಾಡಿದರು. ಅಕ್ಕನ ಊರಿನಲ್ಲಿ ತಳ ಕಾಣುವ ಬಾವಿ ಎಂದರೆ ಎದೆ ಧಸಕ್ಕೆನ್ನುತ್ತದೆ, ಆ ಹೆದರಿಕೆಯಿಂದ ಹೇಳಿದ್ದು. ಅದು ಉಡುಪಿಯ ಬಾವಿಯೂ ಅಲ್ಲ, ಬಿಜಾಪುರದ ಬಾವಿಯೂ ಅಲ್ಲ, ಖಾಡಿಯ ಪಕ್ಕದಲ್ಲಿ ಕೂತ ಡೊಂಬಿವಲಿಯ ಬಾವಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನೀರನ್ನು ಪೂರ್ತಿ ಬಳಿದರು. ಕೆಸರೆತ್ತಿದರು. ತಳ ಕೆದಕಿದರು. ಅಮ್ಮ ಇಡೀ ಕಟ್ಟಡಕ್ಕೆ ಕಡಲೆಬೇಳೆ ಪಾಯಸ ಮಾಡಿದಳು.

ನೀರು ಬಂತು. ಅಪ್ಪ ಹೇಳಿದ್ದಕ್ಕಿಂತ ಬೇಗ ಬಂತು, ಕನ್ನಡಿಯಷ್ಟು ತಿಳಿಯಾಗಿ ಬಂತು. ಅಪ್ಪ ಆ ದಿನ ಹೋಟೆಲಿಗೆ ತಡವಾಗಿ ಹೋಗುವುದಾಗಿ ಫೋನು ಮಾಡಿ ಹೇಳಿ, ಅಮ್ಮನನ್ನು ಕರೆದುಕೊಂಡು ಬಾವಿಕಟ್ಟೆಗೆ ಬಂದರು. ಅಮ್ಮ ಮೊದಲ ಕೊಡಪಾನ ಸೇದಿ, ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಅಮ್ಮ ನೀರನ್ನು ನುಂಗಿದಳು, ಉಗುಳಲಿಲ್ಲ. ಉಗುಳಿದ್ದರೆ ಅಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಆಮೇಲೆ ಅವರೇ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ನೋಡಿದರು. ಉಪ್ಪು.

ಸಿಹಿನೀರು ತನ್ನ ಒತ್ತಡದಿಂದ ಖಾಡಿಯ ನೀರನ್ನು ಆಚೆಗೆ ತಡೆದು ಹಿಡಿದಿತ್ತು. ಅದನ್ನು ನಾವೇ ಬಳಿದು ಚರಂಡಿಗೆ ಬಿಟ್ಟೆವು. ಖಾಲಿಯಾದ ಜಾಗಕ್ಕೆ ಯಾರು ಹತ್ತಿರ ಇದ್ದರೋ ಅವರು ಬಂದು ಕೂತರು. ಮಳೆಗಾಲದಲ್ಲಿ ಸ್ವಲ್ಪ ಸರಿಹೋಯಿತು ಅನ್ನಿಸುತ್ತಿತ್ತು, ಬೇಸಿಗೆ ಬಂದರೆ ಮತ್ತೆ ಅದೇ. ಆಮೇಲೆ ಅಕ್ಕಪಕ್ಕದ ಹೊಸ ಕಟ್ಟಡಗಳವರು ಬೋರು ಕೊರೆದರು, ನಮ್ಮವರೂ ಬಟ್ಟೆಬರೆಗೆ ಸಾಕು ಎಂದು ಬಾವಿಗೆ ಮೋಟಾರು ಇಳಿಸಿದರು. ಎಲ್ಲರೂ ಸೇರಿ ಎಳೆದಷ್ಟೂ ಖಾಡಿ ಒಳಗೆ ಬಂತು. ಸೋಪು ನೊರೆ ಬಿಡುವುದು ನಿಂತಿತು, ಅಮ್ಮನ ತುಳಸಿ ಸುಟ್ಟ ಹಾಗೆ ಕರಕಲಾಯಿತು, ಕೊನೆಗೆ ಮೋಟಾರೇ ತುಕ್ಕು ತಿಂದು ಸತ್ತಿತು. ಯಾರೂ ಅಪ್ಪನನ್ನು ಬೈಯಲಿಲ್ಲ. ಆದರೆ ಅಪ್ಪ ಸೆಕ್ರೆಟರಿ ಕೆಲಸ ಬಿಟ್ಟರು, ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದು ಕೀಲಿಯನ್ನು ನಮ್ಮ ದೇವರ ಗೂಡಿನಲ್ಲಿ ಇಟ್ಟರು. ಆ ನೀರು ಸಿಹಿಯಾಗುವ ತನಕ ತಾನು ಅದನ್ನು ಬಾಯಿಗೆ ಹಾಕುವುದಿಲ್ಲ ಎಂದರು. ಬಾಯಿಗೆ ಹಾಕು ಎಂದು ಯಾರೂ ಒತ್ತಾಯ ಮಾಡಿರಲಿಲ್ಲ ಎಂದು ಅಮ್ಮ ಒಳಗಿನಿಂದ ಗೊಣಗಿದಳು.

ಅದೇ ವರ್ಷದಿಂದ ದೀಪಾವಳಿಯ ಸಂಜೆಯ ಪದ್ಧತಿ ಶುರುವಾಯಿತು. ಅಮ್ಮ ಕೀಲಿ ತೆಗೆದುಕೊಂಡು ಹೋಗಿ, ಜಾಲರಿಯ ಬಾಗಿಲೆತ್ತಿ, ಹಗ್ಗ ಬಿಟ್ಟು ಕೊಡಪಾನ ತುಂಬಿಕೊಂಡು ಬರುತ್ತಿದ್ದಳು. ಉಪ್ಪಾದರೇನು, ಹಬ್ಬದ ನೀರು ಬಾವಿಯದ್ದೇ ಆಗಬೇಕು. ನಾನು ಹಿಂದಿನಿಂದ ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತ ಬರುತ್ತಿದ್ದೆ, ಅದು ನಮ್ಮ ಜಾಗಟೆ. ಹಂಡೆಗೆ ಸುರಿಯುವ ಮೊದಲು ಅಮ್ಮ ಬಚ್ಚಲಿನಲ್ಲಿ ನಿಂತು ಒಂದು ಗುಟುಕು ರುಚಿ ನೋಡುತ್ತಿದ್ದಳು. ಅಪ್ಪ ಹೊರಗಿನ ಹಾಲಿನಲ್ಲಿ ಪೇಪರನ್ನು ಮುಖಕ್ಕೆ ಹಿಡಿದು ಕೂತಿರುತ್ತಿದ್ದರು. ಪುಟ ಮಗುಚುವ ಸದ್ದು ಇರುತ್ತಿರಲಿಲ್ಲ.

"ಎಂತ ಆಯ್ತು?" ಎಂದು ಅಲ್ಲಿಂದ ಕೇಳುತ್ತಿದ್ದರು.

"ಇನ್ನೂ ಇಲ್ಲ," ಎಂದು ಅಮ್ಮ ಇಲ್ಲಿಂದ ಹೇಳುತ್ತಿದ್ದಳು.

ಅಪ್ಪ ಹ್ಞೂ ಎಂದು ಪೇಪರಿನ ಪುಟ ಮಗುಚುತ್ತಿದ್ದರು. ವರ್ಷ ವರ್ಷವೂ ಇಷ್ಟೇ ಮಾತು. ನಾನು ಓದು ಮುಗಿಸಿ ಠಾಣೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದೆ, ಮದುವೆಯಾಗಿ ಅದೇ ಕಟ್ಟಡದ ಮೇಲಿನ ಮಹಡಿಗೆ ಹೋದೆ, ಮಗಳು ಹುಟ್ಟಿ ಬೆಳೆದಳು. ಹಬ್ಬದ ಸಂಜೆ ಮಾತ್ರ ಕೆಳಗಿಳಿದು ಬಂದು ತಟ್ಟೆ ಬಡಿಯುವುದು ತಪ್ಪಲಿಲ್ಲ. ಇನ್ನೂ ಇಲ್ಲ ಎಂಬ ಮಾತು ಕೇಳದೆ ನಮಗೆ ಹಬ್ಬ ಹಬ್ಬವೇ ಆಗುತ್ತಿರಲಿಲ್ಲ.

ಅಪ್ಪ ಸುಮ್ಮನೆ ಕೂತಿರಲಿಲ್ಲ. ಟೆರೇಸಿನ ಮಳೆನೀರೆಲ್ಲ ಪೈಪಿನಲ್ಲಿ ಇಳಿದು ಗಟಾರಕ್ಕೆ ಹೋಗುವುದನ್ನು ನೋಡಿ, ಆ ಪೈಪನ್ನು ಬಾವಿಯ ಕಡೆಗೆ ತಿರುಗಿಸಿದರು. ನಡುವೆ ಒಂದು ಗುಂಡಿ ಮಾಡಿಸಿ ಜಲ್ಲಿ, ಇದ್ದಿಲು, ಮರಳು ತುಂಬಿಸಿದರು, ನೀರು ಅದರೊಳಗೆ ಸೋಸಿ ಬಾವಿಗೆ ಇಳಿಯಲಿ ಎಂದು. ಈಗ ಹೊಸ ಕಟ್ಟಡಗಳಿಗೆಲ್ಲ ಇಂಥದ್ದು ಇರಲೇಬೇಕಂತೆ. ಎಷ್ಟೋ ಕಡೆ ಪೈಪು ತೋರಿಕೆಗೆ ಇರುತ್ತದೆ, ಗುಂಡಿಯಲ್ಲಿ ಕಳೆ ಬೆಳೆದಿರುತ್ತದೆ. ನಮ್ಮಲ್ಲಿ ಹಾಗಲ್ಲ. ಪ್ರತಿ ಬೇಸಿಗೆಯ ಕೊನೆಗೆ ಅಪ್ಪ ಅಮ್ಮ ಇಬ್ಬರೂ ಹಿತ್ತಲಿನಲ್ಲಿ ಕೂತು ಆ ಜಲ್ಲಿಯನ್ನು ಅಕ್ಕಿ ತೊಳೆದ ಹಾಗೆ ಕೈಯಲ್ಲಿ ಉಜ್ಜಿ ತೊಳೆಯುತ್ತಿದ್ದರು. ಮೊದಲ ಮಳೆಯ ನೀರನ್ನು ಗಟಾರಕ್ಕೇ ಬಿಟ್ಟು, ಟೆರೇಸು ತೊಳೆದುಹೋದ ಮೇಲೆ ಪೈಪನ್ನು ಬಾವಿಗೆ ಸೇರಿಸುತ್ತಿದ್ದರು. ಟೆರೇಸಿನ ಮೇಲೆ ಒಣಮೀನು ಹರವಿದವರ ಜೊತೆ, ಕಾರ್ಪೆಟ್ ತೊಳೆದವರ ಜೊತೆ ಅಮ್ಮ ಜಗಳ ಕಾಯುತ್ತಿದ್ದಳು. ಅವಳ ಮರಾಠಿ ಜಗಳಕ್ಕೆ ಎಷ್ಟು ಬೇಕೋ ಅಷ್ಟು ಚೆನ್ನಾಗಿತ್ತು.

ವರ್ಷಗಳು ಹೋದವು. ಬಿಜಾಪುರದ ಅಕ್ಕ ಮಗನ ಜೊತೆ ಕಲ್ಯಾಣಕ್ಕೆ ಹೋದರು. ಕಟ್ಟಡದಲ್ಲಿ ಹೊಸಬರು ಬಂದರು. ಈಗಿನ ಸೆಕ್ರೆಟರಿ ನನಗಿಂತ ಬಹಳ ಚಿಕ್ಕವನು, ಮರಾಠಿಯವನು, ಒಳ್ಳೆಯವನೇ, ಆದರೆ ಸದಾ ಅವಸರ. ಟ್ಯಾಂಕರಿನವರ ಕಾಟ ಅವನಿಗೆ ಸಾಕಾಗಿತ್ತು. ಬಾವಿ ಸಿಹಿಯಾದರೆ ಮೋಟಾರು ಇಳಿಸಿಬಿಡೋಣ, ಕಾರು ತೊಳೆಯುವುದಕ್ಕೂ ಆಯಿತು, ಪಕ್ಕದಲ್ಲಿ ಏಳುತ್ತಿರುವ ಟವರಿನವರಿಗೂ ಕೊಡಬಹುದು ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದ. ಅದಕ್ಕಾಗಿ ಅವನೂ ದೀಪಾವಳಿಯ ಸಂಜೆ ನಮ್ಮ ಮನೆಗೆ ಹಾಜರಾಗತೊಡಗಿದ. ಚಕ್ಕುಲಿ ತಿನ್ನುತ್ತ ಅಪ್ಪನ ಪಕ್ಕದಲ್ಲಿ ಕೂತು ಅಮ್ಮನ ತೀರ್ಪಿಗೆ ಕಾಯುತ್ತಿದ್ದ. ಇನ್ನೂ ಇಲ್ಲ ಎಂದು ಕೇಳಿದೊಡನೆ ಎದ್ದು ಹೋಗುತ್ತಿದ್ದ. ಬೇರೆ ಯಾರೂ ಆ ಬಾವಿಗೆ ಬಾಯಿ ಇಟ್ಟವರಲ್ಲ. ಕಟ್ಟಡಕ್ಕೆಲ್ಲ ಅಮ್ಮನ ನಾಲಿಗೆಯೇ ಪ್ರಮಾಣ.

ಈ ಕೊನೆಯ ವರ್ಷಗಳದ್ದು ಇನ್ನೊಂದು ನೆನಪಿದೆ. ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಅಮ್ಮ ಕೊಡುತ್ತಿದ್ದ ಕಾಫಿ. ಅಪ್ಪ ಹೋಟೆಲಿನಲ್ಲಿ ಆಯುಷ್ಯ ಕಳೆದವರು, ಕಾಫಿಯನ್ನು ಸುಲಭಕ್ಕೆ ಹೊಗಳುವವರಲ್ಲ. ಆ ಒಂದು ಬೆಳಿಗ್ಗೆ ಮಾತ್ರ ಲೋಟ ಕೆಳಗಿಟ್ಟು, ಇವತ್ತಿನ ಕಾಫಿ ಊರಿನ ಕಾಫಿಯ ಹಾಗುಂಟು ಎನ್ನುತ್ತಿದ್ದರು. ಹಬ್ಬಕ್ಕೆಂದು ಗಟ್ಟಿ ಹಾಲು ತರಿಸಿದ್ದೆ ಎಂದು ಅಮ್ಮ ಹೇಳುತ್ತಿದ್ದಳು. ಹೇಳಿ, ಒಳಗೆ ಹೋಗಿ ತನ್ನ ಲೋಟವನ್ನು ಅಡುಗೆಮನೆಯಲ್ಲಿ ನಿಂತೇ ಕುಡಿಯುತ್ತಿದ್ದಳು.

ಕಳೆದ ಮಳೆಗಾಲಕ್ಕೆ ಮೊದಲು ಅಮ್ಮ ಹೋದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದೆವು, ಮತ್ತೆ ಮನೆಗೆ ಬರಲಿಲ್ಲ. ಮಲಗಿದಲ್ಲಿಂದ ನನ್ನ ಕೈ ಹಿಡಿದು, ಬಾವಿಗೆ ಮೋಟಾರು ಹಾಕಲಿಕ್ಕೆ ಬಿಡಬೇಡ ಎಂದಳು. ಉಪ್ಪುನೀರಿನ ಬಾವಿಗೆ ಯಾರಮ್ಮ ಮೋಟಾರು ಹಾಕುತ್ತಾರೆ ಎಂದು ನಾನು ಅವಳ ಹಣೆ ಒರೆಸಿದೆ. ಜ್ವರದಲ್ಲಿ ಬಡಬಡಿಸುತ್ತಿದ್ದಾಳೆ ಅಂದುಕೊಂಡೆ. ಕಲ್ಯಾಣದಿಂದ ಬಿಜಾಪುರದ ಅಕ್ಕ ಬಂದರು. ನಡೆಯುವುದಕ್ಕೂ ಆಗದಷ್ಟು ವಯಸ್ಸಾಗಿದೆ, ಮಗ ರಿಕ್ಷಾದಲ್ಲಿ ಕರೆತಂದಿದ್ದ. ಅಮ್ಮನ ಫೋಟೋ ನೋಡದೆ ನೇರ ಹಿತ್ತಲಿಗೆ ಹೋಗಿ, ಬಾವಿಯ ಜಾಲರಿಯ ಮೇಲೆ ಕೈಯಿಟ್ಟು ನಿಂತರು.

"ನಿಮ್ಮವ್ವ ಬಾವೀಗೆ ನೀರ ಬಿಟ್ಟ ಹೋದ್ಳವ್ವಾ," ಎಂದರು.

ಸತ್ತವರ ಮನೆಯಲ್ಲಿ ಜನ ಏನೇನೋ ಹೇಳುತ್ತಾರೆ. ನಾನು ಅಳುವುದರಲ್ಲಿದ್ದೆ, ಕೇಳಿಸಿಕೊಂಡೆ, ಬಿಟ್ಟೆ.

ಆ ಬೇಸಿಗೆ ಜಲ್ಲಿ ತೊಳೆಯಲು ಅಪ್ಪನ ಜೊತೆ ನಾನು ಕೂತೆ. ಅಪ್ಪನಿಗೆ ಕಣ್ಣು ಮಂಜು, ಕೈ ನಡುಕ. ಹಾಗೆ ಉಜ್ಜಬಾರದು, ಹೀಗೆ ಉಜ್ಜಬೇಕು, ಅವಳು ಹೀಗೆ ಉಜ್ಜುತ್ತಿದ್ದಳು ಎಂದು ನನ್ನನ್ನು ತಿದ್ದುತ್ತ ಕೂತರು. ಮಳೆ ಚೆನ್ನಾಗಿ ಹೊಯ್ಯಿತು. ಟೆರೇಸಿನ ಪೈಪು ಗುಡುಗುಡು ಸದ್ದು ಮಾಡುತ್ತ ಬಾವಿಗೆ ಇಳಿಯುವುದನ್ನು ರಾತ್ರಿ ಹಾಸಿಗೆಯಲ್ಲಿ ಕೇಳುತ್ತ, ಅಮ್ಮ ಇದ್ದಿದ್ದರೆ ಈ ಹೊತ್ತಿಗೆ ಎದ್ದು ಕೊಡೆ ಹಿಡಿದು ಗುಂಡಿ ನೋಡಲು ಹೋಗುತ್ತಿದ್ದಳು ಎನ್ನಿಸಿ ನನಗೆ ನಿದ್ದೆ ಬರುತ್ತಿರಲಿಲ್ಲ. ಅಮ್ಮ ಇಲ್ಲದ ಮನೆಯನ್ನು ಹೇಗೋ ತಡೆದುಕೊಂಡೆ. ಅಮ್ಮ ಇಲ್ಲದ ಮಳೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ದೀಪಾವಳಿ ಬಂತು. ಸೂತಕದ ವರ್ಷ, ಹಬ್ಬ ಮಾಡುವ ಹಾಗಿಲ್ಲ. ಮಗಳು ಸಾನಪಾಡಾಕ್ಕೆ ಬಂದು ಇರಿ ಎಂದಳು. ಅಪ್ಪ ಹೊರಡಲು ಒಪ್ಪಲಿಲ್ಲ. ಬಳ್ಳಿ ಬೇಡ, ಜಾಗಟೆ ಬೇಡ, ನೀರು ಮಾತ್ರ ತಾ ಎಂದರು. ಸೆಕ್ರೆಟರಿಯೂ ಎಂದಿನ ಹಾಗೆ ಬಂದ. ಈ ಸಲ ಚಕ್ಕುಲಿ ಅವನ ಮನೆಯಿಂದಲೇ ಬಂದಿತ್ತು, ಸೂತಕದವರ ಮನೆಗೆ ನೆರೆಯವರು ಫರಾಳ, ಅಂದರೆ ಹಬ್ಬದ ತಿಂಡಿ, ಕೊಡುವುದು ಇಲ್ಲಿನ ಪದ್ಧತಿ.

ನಾನು ಕೀಲಿ ತೆಗೆದುಕೊಂಡು ಹೋದೆ. ಜಾಲರಿಯ ಬಾಗಿಲು ಎತ್ತುವಾಗ ಗೊತ್ತಾಯಿತು, ಅದು ಎಷ್ಟು ಭಾರ ಎಂದು. ಆ ವಯಸ್ಸಿನಲ್ಲಿ ಅವಳು ಒಬ್ಬಳೇ ಅದನ್ನು ಹೇಗೆ ಎತ್ತುತ್ತಿದ್ದಳೋ. ಒಳಗೆ ನೀರು ಕೈಗೆ ಸಿಗುವಷ್ಟು ಮೇಲೆ ಇತ್ತು. ಕೊಡಪಾನವನ್ನು ಮುಳುಗಿಸಬೇಡ, ಮೇಲಿನಿಂದ ಓರೆ ಮಾಡಿ ತುಂಬಿಸು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ಹಾಗೆಯೇ ತುಂಬಿಸಿದೆ. ತಂದು ಬಚ್ಚಲಿನಲ್ಲಿಟ್ಟೆ. ಗೀಸರು ಬಳ್ಳಿಯಿಲ್ಲದೆ ಬೋಳಾಗಿತ್ತು. ಅಮ್ಮನ ಸ್ಟೀಲ್ ಲೋಟದಲ್ಲಿ ಸ್ವಲ್ಪ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡೆ.

ಉಪ್ಪಿರಲಿಲ್ಲ.

ಮತ್ತೊಂದು ಗುಟುಕು ಕುಡಿದೆ. ಗಂಟಲಲ್ಲಿ ಅದು ಸ್ವಲ್ಪ ಹೊತ್ತು ಉಳಿಯಿತು. ಶಾಲೆಯ ಚೀಲ ಬಿಸಾಡಿ ಮಡಕೆಗೆ ಲೋಟ ಅದ್ದಿದ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಬಂದು ಎದೆಗೆ ಒದ್ದ ಹಾಗಾಯಿತು. ನಾನು ಹಂಡೆಯ ಅಂಚು ಹಿಡಿದು ನಿಂತೆ.

ಒಂದು ಮಳೆಗಾಲದಲ್ಲಿ ಇಷ್ಟಾಗುವುದಿಲ್ಲ ಎಂಬುದು ನನಗೆ ಗೊತ್ತು. ಉಪ್ಪುನೀರು ಭಾರ, ಸಿಹಿನೀರು ಹಗುರ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸಿ ಇದನ್ನು ಎಷ್ಟು ಮಕ್ಕಳಿಗೆ ಕಲಿಸಿಲ್ಲ ನಾನು. ಕದಡದೆ ಬಿಟ್ಟರೆ ಮಳೆಯ ನೀರು ಉಪ್ಪುನೀರಿನ ಮೇಲೆ ಕೂರುತ್ತದೆ, ವರ್ಷದಿಂದ ವರ್ಷಕ್ಕೆ ಕೆನೆಯ ಹಾಗೆ ದಪ್ಪವಾಗುತ್ತದೆ, ಖಾಡಿಯನ್ನು ಮೆಲ್ಲಗೆ ಕೆಳಗೆ ಒತ್ತುತ್ತದೆ. ಮೋಟಾರು ಇಳಿಸಿ ತಳದಿಂದ ಎಳೆದರೆ ಆ ಕೆನೆ ಒಡೆದು ಉಪ್ಪು ಮತ್ತೆ ಮೇಲೆ ಬರುತ್ತದೆ. ಈ ಬಾವಿ ಸಿಹಿಯಾಗಿ ಕೆಲವು ವರ್ಷಗಳೇ ಆಗಿದ್ದವು. ಅಮ್ಮ ಪ್ರತಿ ಹಬ್ಬಕ್ಕೂ ಇದೇ ಬಚ್ಚಲಿನಲ್ಲಿ ನಿಂತು ಈ ಸಿಹಿಯನ್ನು ಕುಡಿದು, ಇನ್ನೂ ಇಲ್ಲ ಎಂದಿದ್ದಳು. ಹಾಲಿನಲ್ಲಿ ಸೆಕ್ರೆಟರಿ ಮೋಟಾರಿನ ಕನಸು ಕಾಣುತ್ತ ಕೂತಿರುತ್ತಿದ್ದ. ಅವನ ಪಕ್ಕದಲ್ಲಿ ಅಪ್ಪ.

ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ಸತ್ತವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಥ ಕರ್ಮ, ಆದರೂ ಬಂತು. ಬಾವಿಗಾಗಿ ಕಟ್ಟಡಕ್ಕೆ ಸುಳ್ಳು ಹೇಳಿದೆಯಲ್ಲ, ಸರಿ. ಅಪ್ಪನಿಗೆ ಯಾಕಮ್ಮ ಹೇಳಲಿಲ್ಲ? ಆ ಮನುಷ್ಯ ಪೇಪರಿನ ಹಿಂದೆ ಮುಖವಿಟ್ಟುಕೊಂಡು ಅರ್ಧ ಆಯುಷ್ಯ ಕಾದದ್ದು ಇದೊಂದೇ ಮಾತಿಗಾಗಿ. ಉತ್ತರವೂ ನನಗೆ ಗೊತ್ತಿತ್ತು. ಅಪ್ಪನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೇಳಿದ್ದರೆ ಸಂಭ್ರಮಕ್ಕೆ ಇಡೀ ಕಟ್ಟಡಕ್ಕೆ ಪಾಯಸ ಹಂಚುತ್ತಿದ್ದರು, ಮೋಟಾರು ಇಳಿಸಲು ತಾನೇ ಮುಂದೆ ನಿಲ್ಲುತ್ತಿದ್ದರು. ಬೇಡ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ಎರಡನೆಯ ಸಲ ಬಾವಿ ಕೆಟ್ಟರೆ ಅವರು ಉಳಿಯುತ್ತಿರಲಿಲ್ಲ. ಅದಕ್ಕೆ ಅವಳು ಗಂಡನಿಗೆ ಆ ಸಂತೋಷವನ್ನು ಕೊಡದೆ ನೀರನ್ನು ಕಾದಳು. ಎದುರಿಗಿದ್ದಿದ್ದರೆ ಅವಳನ್ನು ಬೈದು, ಆಮೇಲೆ ತಬ್ಬಿಕೊಳ್ಳುತ್ತಿದ್ದೆ. ಅವಳು ಒಂದೇ ಒಂದು ಸಲ ಈ ಬಚ್ಚಲಿನ ಬಾಗಿಲಿಗೆ ಬಂದು ನಿಲ್ಲಬಾರದೇ ಎಂದು ಆಸೆಯಾಯಿತು.

"ಎಂತ ಆಯ್ತು?" ಹಾಲಿನಿಂದ ಅಪ್ಪ ಕೇಳಿದರು.

ಇನ್ನೂ ಇಲ್ಲ ಎನ್ನಬೇಕು. ಅಮ್ಮ ಆಸ್ಪತ್ರೆಯಲ್ಲಿ ನನ್ನಿಂದ ಕೇಳಿದ್ದು ಅದನ್ನೇ. ಹೇಳಲಾಗಲಿಲ್ಲ. ಈ ಎರಡು ಶಬ್ದಗಳನ್ನು ಹೇಳಲು ಅವಳಿಗೆ ಎಷ್ಟು ಗಟ್ಟಿ ಎದೆ ಬೇಕಾಗಿತ್ತು ಎಂಬುದು ಆಗ ತಿಳಿಯಿತು. ಸಿಹಿ ಎಂದು ಹೇಳುವುದಕ್ಕೂ ಆಗಲಿಲ್ಲ. ಲೋಟ ತುಂಬಿಸಿ ತೆಗೆದುಕೊಂಡು ಹೋಗಿ ಅಪ್ಪನ ಕೈಗೆ ಇಟ್ಟೆ. ಆಗುವುದಾಗಲಿ ಎನ್ನಿಸಿತು.

ಅಪ್ಪ ನನ್ನ ಮುಖ ನೋಡಿದರು. ಸಿಹಿಯಾಗುವ ತನಕ ಬಾಯಿಗೆ ಹಾಕುವುದಿಲ್ಲ ಎಂದವರ ಕೈಗೆ ಸುಮ್ಮನೆ ಯಾರೂ ಆ ಲೋಟ ಕೊಡುವುದಿಲ್ಲ. ಮೆಲ್ಲಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹೋಟೆಲಿನಲ್ಲಿ ಕಾಫಿಯ ಡಿಕಾಕ್ಷನ್ ನೋಡುವ ಹಾಗೆ ಕಣ್ಣು ಮುಚ್ಚಿದರು. ಆಮೇಲೆ ಅಡುಗೆಮನೆಯ ಕಡೆ, ಅಮ್ಮ ಲೋಟ ಹಿಡಿದು ನಿಲ್ಲುತ್ತಿದ್ದ ಜಾಗದ ಕಡೆ ತಿರುಗಿದರು. ಅವರಿಗೆ ಗೊತ್ತಾಯಿತು. ಯಾವ ರುಚಿ ಅದು, ಎಲ್ಲಿ ಕುಡಿದದ್ದು, ಎಷ್ಟು ಹಬ್ಬಗಳ ಬೆಳಿಗ್ಗೆ ಕುಡಿದದ್ದು, ಎಲ್ಲವೂ. ಅವರ ಗಲ್ಲದ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಸೆಕ್ರೆಟರಿ ಚಕ್ಕುಲಿಯನ್ನು ತಟ್ಟೆಗೆ ಇಟ್ಟು ಮುಂದಕ್ಕೆ ಬಾಗಿದ. "ಕಾಕಾ, ಗೋಡ್ ಝಾಲಂ ಕಾ ಪಾಣಿ?"

ಸಿಹಿಯಾಯಿತೇ ನೀರು ಎಂದು ಅವನು ಕೇಳಿದ್ದು. ಅಪ್ಪ ಲೋಟದಲ್ಲಿ ಉಳಿದದ್ದನ್ನು ಪೂರ್ತಿ ಕುಡಿದರು. ಆಮೇಲೆ ಮುಖ ಕಿವುಚಿ, ತಲೆ ಅಲ್ಲಾಡಿಸಿದರು.

"ಅಜೂನ್ ನಾಹೀ," ಎಂದರು. ಇನ್ನೂ ಇಲ್ಲ.

ಅವನು ಪಾಪ, ಮುದುಕನಿಗೆ ಹೆಂಡತಿಯ ನೆನಪಾಗಿದೆ ಎಂದುಕೊಂಡು ಅಪ್ಪನ ಭುಜ ತಟ್ಟಿ ಎದ್ದು ಹೋದ. ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಅಪ್ಪ ಪೇಪರನ್ನು ಮಡಚಿ ಪಕ್ಕಕ್ಕಿಟ್ಟು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟರು.

"ನಾಳೆ ಬೆಳಿಗ್ಗೆ ಕಾಫಿಗೆ ಇದೇ ನೀರು ಇಡು," ಎಂದರು.